ಕಾರ್ಪೆಟ್ ಮೇಲಿನ ಅರಿಶಿನ

ಗೆಳತಿಯರೇ, ಇವತ್ತು ಇಂದಿರಾನಗರದ ನಮ್ಮ ಮನೆಯಲ್ಲಿ ಗೌರಿ ಹಬ್ಬ. ನನಗೆ ಬಾಗಿನ ತಂದಿದ್ದ ನನ್ನ ಅಮ್ಮ ವಿಧವೆ. "ಮುತ್ತೈದೆಯರು ಬರ್ತಾರೆ, ನೀವು ರೂಮಲ್ಲೇ ಇರಿ, ತಪ್ಪು ತಿಳ್ಕೋಬೇಡಿ" ಎಂದರು ಅತ್ತೆ. ಅರಿಶಿನ ಕುಂಕುಮ ಕೊಡುವಾಗ ಅತ್ತೆಯ ಕೈ ಜಾರಿ, ಕಲಸಿಟ್ಟ ಅರಿಶಿನವೆಲ್ಲ ಶಿವಾಜಿನಗರದಿಂದ ತಂದ ಹೊಸ ಕಾರ್ಪೆಟ್ ಮೇಲೆ ಚೆಲ್ಲಿತು.

ಬಂದವರು ಹೋದ ಮೇಲೆ ಅತ್ತೆ ರೂಮಿನ ಬಾಗಿಲು ತಟ್ಟಿದರು. "ಶಾರದಮ್ಮ, ಸ್ವಲ್ಪ ಬನ್ನಿ. ಕಲೆ ತೆಗೆಯೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ನಾನು ತಡೆದೆ. "ಹಬ್ಬದ ದಿನ ಜಗಳ ಬೇಡ ಕಣೇ" ಎಂದು ಅಮ್ಮ ಮಂಡಿಯೂರಿ ಉಜ್ಜತೊಡಗಿದಳು. ಸೋಪು ತಾಗಿದ ಕೂಡಲೇ ಹಳದಿಯೆಲ್ಲ ಕೆಂಪಾಯಿತು.

"ಇನ್ನೂ ಹೆಚ್ಚು ಮಾಡಿಬಿಟ್ರಲ್ರೀ" ಎಂದರು ಅತ್ತೆ.

ನಮ್ಮ ಮನೆಯ ಶಾಸ್ತ್ರ ಈಗ ತಿಳಿಯಿತು: ವಿಧವೆ ಅರಿಶಿನ ಹಚ್ಚಿಕೊಳ್ಳಬಾರದು, ಒರೆಸಬಹುದು.