ಕೊಲಂಬೊದಲ್ಲಿ ಅತ್ತೆಗೆ ಎದ್ದ ಗಂಧೆ

ನನ್ನ ಸೋದರತ್ತೆ ಹದಿನೆಂಟು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಮಡಿಯಲ್ಲಿ ಬೇಯಿಸಿದ್ದನ್ನು ಬಿಟ್ಟರೆ ಬೇರೇನೂ ಅವರ ಬಾಯಿಗೆ ಹೋಗುತ್ತಿರಲಿಲ್ಲ. ನಂಜನಗೂಡು, ಮೇಲುಕೋಟೆಯ ಆಚೆಗೆ ಅವರು ಯಾವ ಊರನ್ನೂ ಕಂಡಿರಲಿಲ್ಲ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದಾಗ ಮಂಡಿ ಮೊಹಲ್ಲಾದ ದಿನಸಿ ವ್ಯಾಪಾರಿಯೊಬ್ಬರು ಇಪ್ಪತ್ತು ಜನರ ಗುಂಪು ಕಟ್ಟಿಕೊಂಡು ರಾಮೇಶ್ವರಕ್ಕೆ ಹೊರಟರು. ಅಲ್ಲಿಂದ ಹಡಗು, ಆಮೇಲೆ ರೈಲು ಹತ್ತಿ ಕೊಲಂಬೊ ಬಂದರನ್ನೂ ನೋಡಿಕೊಂಡು ಬರುವುದೆಂದು ಗೊತ್ತಾಯಿತು. ಸೀತಮ್ಮ ಇದ್ದ ನೆಲವನ್ನು ಮೆಟ್ಟಿಯೇ ಸಾಯಬೇಕೆಂದು ಅತ್ತೆ ಹಟ ಹಿಡಿದರು. ಪಾಸ್‌ಪೋರ್ಟು, ಫಾರಂ ಅಂತೆಲ್ಲ ಬರೆಯಲು ಇಂಗ್ಲಿಷ್ ಬಲ್ಲವರು ಜೊತೆಗಿರಲಿ ಎಂದು ಬಿ.ಎ. ಓದುತ್ತಿದ್ದ ನನ್ನನ್ನು ಅಪ್ಪ ಕಳುಹಿಸಿಕೊಟ್ಟರು.

ಭಯ ಶುರುವಾದದ್ದು ಮಂಡಪಂನಲ್ಲಿ. ಸಮುದ್ರ ದಾಟುವ ಮೊದಲು ಅಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಣ್ಣು, ನಾಲಿಗೆ, ತೋಳು ನೋಡುತ್ತಿದ್ದರು. ನಮ್ಮ ಮುಂದಿದ್ದ ಬೇರೊಂದು ಗುಂಪಿನ ಹೆಂಗಸಿನ ಕುತ್ತಿಗೆಯ ಮೇಲೆ ಏನೋ ಗುಳ್ಳೆ ಕಂಡಿತು. ಸಿಡುಬಿರಬಹುದೆಂದು ಅವಳೊಬ್ಬಳನ್ನೇ ಸಾಲಿನಿಂದ ಎಳೆದು ದೂರದ ಶೆಡ್ಡಿಗೆ ಕರೆದೊಯ್ದರು. ಅವಳ ಗಂಡ ಬೇಲಿಯ ಹತ್ತಿರ ನಿಂತು ಹೆಸರು ಹಿಡಿದು ಕೂಗುತ್ತಿದ್ದ. ಅತ್ತೆ ನನ್ನ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಹಡಗಿನಲ್ಲಿ ಇನ್ನೊಂದು ಅನಾಹುತವಾಯಿತು. ಅಲೆಯ ನೀರು ನುಗ್ಗಿ ಅತ್ತೆಯ ಅವಲಕ್ಕಿ, ಹುರಿಹಿಟ್ಟಿನ ಡಬ್ಬಗಳೆಲ್ಲ ಉಪ್ಪುನೀರಿನ ಪಾಲಾದವು. ಕೊಲಂಬೊ ತಲುಪಿದ ಮೇಲೆ ಎರಡು ದಿನ ಅವರು ಬಾಳೆಹಣ್ಣು, ಎಳನೀರಿನಲ್ಲೇ ಕಳೆದರು. ನಾವು ಇಳಿದುಕೊಂಡ ಛತ್ರದಲ್ಲಿ ಅಡುಗೆ ಮಾಡಲು ಬಿಡುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಬಂದರು ನೋಡಲು ಹೋದೆವು. ಕೆ.ಆರ್. ಸಾಗರದ ಅಣೆಕಟ್ಟೆಯನ್ನೇ ದೊಡ್ಡದೆಂದುಕೊಂಡಿದ್ದ ನಮಗೆ ಅಲೆ ತಡೆಯಲು ಸಮುದ್ರದೊಳಕ್ಕೆ ಚಾಚಿದ ಆ ಕಲ್ಲಿನ ಗೋಡೆಯ ತುದಿಯೇ ಕಾಣಲಿಲ್ಲ. ಅಲೆ ಬಡಿದಾಗ ನೀರು ಎರಡಾಳೆತ್ತರ ಹಾರುತ್ತಿತ್ತು. ಒಳಗೆ ನಿಂತ ಹಡಗುಗಳ ಮಗ್ಗುಲಲ್ಲಿ ಕೂಲಿಗಳು ಇರುವೆಗಳಂತೆ ಕಾಣುತ್ತಿದ್ದರು. ಒಂದು ಹಡಗು ಹೊರಡುವ ಕೂಗು ಹಾಕಿದಾಗ ನಾನು ಕಿವಿ ಮುಚ್ಚಿಕೊಂಡೆ. ಅದೇ ಹೊತ್ತಿಗೆ ಅತ್ತೆ ಕಣ್ಣು ಕತ್ತಲಿಟ್ಟು ಕುಸಿದು ಕೂತರು.

ಬಂದರಿನ ಬಾಗಿಲ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಒತ್ತು ಶಾವಿಗೆ, ಕಾಯಿಚಟ್ನಿ ಇಟ್ಟಿದ್ದರು. ನನಗೆ ಬರುತ್ತಿದ್ದ ಅರೆಬರೆ ತಮಿಳಿನಲ್ಲಿ "ಸೈವಮಾ?" ಎಂದು, ಸಸ್ಯಾಹಾರವೇ ಎಂದು ಕೇಳಿದೆ. ಅಂಗಡಿಯವನು ತಲೆಯನ್ನು ಅತ್ತಿತ್ತ ಆಡಿಸಿದ. ಅದನ್ನು ಹೌದೆಂದೇ ತಿಳಿದುಕೊಂಡೆ.

"ಯಾರೇ ಮಾಡಿದ್ದು?" ಎಂದರು ಅತ್ತೆ.

"ಬ್ರಾಹ್ಮಣರ ಹೋಟ್ಲು ಅತ್ತೆ. ನಾನೇ ನೋಡ್ಕೊಂಡು ಬಂದೆ."

ಸುಳ್ಳು ಅಷ್ಟು ಸಲೀಸಾಗಿ ಬಂತು. ಅತ್ತೆ ದೇವರ ಹೆಸರು ಹೇಳಿ ತಿಂದರು. "ಚಟ್ನಿಯಲ್ಲಿ ಏನೋ ಹೊಸ ಘಮ ಕಣೇ" ಎಂದು ಎಲೆ ಬಳಿದರು.

ಛತ್ರಕ್ಕೆ ಮರಳಿ ಒಂದು ಗಂಟೆಯೂ ಆಗಿರಲಿಲ್ಲ. "ಮೈಯೆಲ್ಲಾ ಕಡೀತಿದೆ ಕಣೇ" ಎಂದರು. ಸೆರಗು ಸರಿಸಿ ನೋಡಿದರೆ ತೋಳು, ಕುತ್ತಿಗೆ, ಬೆನ್ನಿನ ತುಂಬ ಕೆಂಪು ದದ್ದುಗಳು. ನೋಡುತ್ತಿದ್ದಂತೆ ತುಟಿ ಊದಿತು, ಒಂದು ಕಣ್ಣು ಮುಚ್ಚಿಯೇ ಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸರು ತಮ್ಮ ಹಾಸಿಗೆಗಳನ್ನು ಎಳೆದುಕೊಂಡು ಗೋಡೆಯ ಆ ಕಡೆಗೆ ಸರಿದರು. ಯಾರೋ "ಅಮ್ಮ ಬಂದವಳೆ" ಎಂದು ಪಿಸುಗುಟ್ಟಿದರು. ಸಿಡುಬನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಿದ್ದರು.

ನಮ್ಮನ್ನು ಕರೆತಂದಿದ್ದ ದಿನಸಿ ವ್ಯಾಪಾರಿ ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ.

"ನೋಡಮ್ಮ, ನಾಳೆ ವಾಪಸ್ ಒಂಟಿದೀವಿ. ಅಡಗು ಅತ್ತೋವಾಗ ಇವರ ಮೈ ನೋಡ್‌ಬುಟ್ರೆ ನಮ್ಮನ್ನೆಲ್ಲಾ ಇಡ್ಕೊಂಡ್‌ಬುಡ್ತಾರೆ. ಇಲ್ಲೇ ಆಸ್ಪತ್ರೆಗೆ ಸೇರಿಸ್‌ಬುಡು. ನೀನು ನಮ್ ಜೊತೆ ಬಾ. ನಿಮ್ಮಪ್ಪನಿಗೆ ನಾನ್ ಏಳ್ತೀನಿ."

"ಅವರನ್ನ ಬಿಟ್ಟು ನಾನು ಬರೋದಿಲ್ಲ" ಎಂದೆ. ಭಾಷೆ ಬಾರದ ಊರಿನಲ್ಲಿ ಒಬ್ಬಳೇ ಉಳಿದರೆ ಏನು ಗತಿ? ಮಂಡಪಂನ ಆ ಹೆಂಗಸಿನ ಹಾಗೆ ಅತ್ತೆಯನ್ನು ಎಳೆದೊಯ್ದರೆ ಯಾರನ್ನು ಕೇಳಲಿ? ಅತ್ತೆ ತೆರೆದಿದ್ದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು.

ನಮ್ಮ ಗುಂಪಿನಲ್ಲಿ ಕುಂಬಾರಕೊಪ್ಪಲಿನ ಒಬ್ಬ ನಿವೃತ್ತ ಮೇಷ್ಟರಿದ್ದರು, ಮಾತು ಕಡಮೆ. ಅವರು ಎದ್ದು, "ಮೊದ್ಲು ಡಾಕ್ಟ್ರು ನೋಡ್ಲಿ ಕಣ್ರೀ. ಆಮೇಲೆ ಬಿಡೋದು, ಕಟ್ಕೊಳ್ಳೋದು" ಎಂದು ಛತ್ರದ ಪಾರುಪತ್ಯಗಾರನ ಜೊತೆ ಹೊರಗೆ ಹೋದರು. ಅರ್ಧ ಗಂಟೆಯಲ್ಲಿ ವಯಸ್ಸಾದ ಒಬ್ಬ ತಮಿಳು ಡಾಕ್ಟರನ್ನು ಕರೆತಂದರು.

ಡಾಕ್ಟರು ಅತ್ತೆಯ ನಾಡಿ, ಗಂಟಲು, ದದ್ದು ನೋಡಿ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು: "ಇವತ್ತು ಏನು ತಿಂದರು?"

ಹೇಳಿದೆ. ಅವರು ನಕ್ಕರು.

"ಸಿಡುಬೂ ಇಲ್ಲ, ಏನೂ ಇಲ್ಲ. ಆ ಚಟ್ನಿಗೆ ಇಲ್ಲಿ ಒಣಮೀನು ಕುಟ್ಟಿ ಹಾಕುತ್ತಾರಮ್ಮ. ಹುಟ್ಟಿದಾಗಿನಿಂದ ಮೀನು ಮುಟ್ಟದ ಮೈ, ತಡೆದುಕೊಳ್ಳಲಿಲ್ಲ. ನಾಳೆಗೆ ಇಳಿಯುತ್ತದೆ."

ಒಂದು ಭಯ ಹೋದ ಜಾಗದಲ್ಲಿ ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ಸೂಜಿ ಚುಚ್ಚಿಸಿಕೊಳ್ಳುತ್ತ ಅತ್ತೆ ಕೇಳಿದರು, "ಏನಂದ್ರೇ?"

"ಬಿಸಿಲಿಗೆ ಪಿತ್ತದ ಗಂಧೆ ಎದ್ದಿದೆಯಂತೆ ಅತ್ತೆ."

ಬಂದರಿನಲ್ಲಿ ಯಾರಾದರೂ ಕೇಳಿದರೆ ತೋರಿಸಲು ಇರಲಿ ಎಂದು ಡಾಕ್ಟರು ಒಂದು ಚೀಟಿ ಬರೆದುಕೊಟ್ಟು ಹೋದರು. ಅದರಲ್ಲಿ ಮೀನಿನ ಮಾತು ಸ್ಪಷ್ಟವಾಗಿ ಇತ್ತು. ನಾನು ಮಡಿಸಿ ಬಚ್ಚಿಡುವಷ್ಟರಲ್ಲಿ ವ್ಯಾಪಾರಿ, "ಏನ್ ಬರ್ದವ್ರೆ, ಎಲ್ರಿಗೂ ಕೇಳೋ ಅಂಗೆ ಓದ್‌ಬುಡಮ್ಮ. ನೀನು ಅವರ ಕಡೆಯೋಳು, ಮುಚ್ಚಿಟ್ರೆ ನಮಗೇನ್ ಗೊತ್ತಾಯ್ತದೆ? ಬ್ಯಾಡ, ಮೇಷ್ಟ್ರೇ ಓದ್ಲಿ" ಎಂದು ಚೀಟಿಯನ್ನು ಇಸಿದುಕೊಂಡು ಮೇಷ್ಟರ ಕೈಗೆ ಕೊಟ್ಟರು.

ಮೇಷ್ಟರು ಕನ್ನಡಕ ಹಾಕಿಕೊಂಡರು. ಓದಿದರು. ಇನ್ನೊಮ್ಮೆ ಓದಿದರು. ತಲೆಯೆತ್ತಿ ನನ್ನನ್ನು ನೋಡಿದರು. ಅತ್ತೆ ಗೋಡೆಗೊರಗಿ ಕಾಯುತ್ತಿದ್ದರು. ಮೇಷ್ಟರು ನಿಜ ಹೇಳಿದರೆ ಅತ್ತೆ ಅಲ್ಲಿಂದಾಚೆಗೆ ಒಂದು ತುತ್ತೂ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ಪಿತ್ತದ ಗಂಧೆ ಅಂತ ಬರ್ದಿದಾರೆ. ಅಂಟುರೋಗ ಅಲ್ಲ. ಎಲ್ಲಾರೂ ನಿಮ್ಮ್ ನಿಮ್ಮ್ ಜಾಗಕ್ಕೆ ಹೋಗಿ" ಎಂದು ಚೀಟಿಯನ್ನು ಮಡಿಸಿ ನನಗೇ ಕೊಟ್ಟರು. ದೂರ ಸರಿದಿದ್ದ ಹಾಸಿಗೆಗಳು ಒಂದೊಂದಾಗಿ ಹತ್ತಿರ ಬಂದವು.

ಮರುದಿನ ಊತ ಇಳಿದಿತ್ತು, ಕುತ್ತಿಗೆಯ ಮೇಲೆ ಮಾತ್ರ ಗುರುತು ಉಳಿದಿತ್ತು. ಹಡಗು ಹತ್ತುವ ಕಡೆ ಅಧಿಕಾರಿ ಅತ್ತೆಯ ತೋಳನ್ನು ತಿರುಗಿಸಿ ನೋಡಿದ. ಕುತ್ತಿಗೆಯ ಸೆರಗು ಜಾರದಿರಲೆಂದು ನಾನು ಹಿಂದಿನಿಂದ ಹಿಡಿದುಕೊಂಡಿದ್ದೆ. ಅವನು ಕೈಬೀಸಿ ಮುಂದಕ್ಕೆ ಕಳುಹಿಸಿದ. ಹಡಗು ದಡ ಬಿಟ್ಟ ಮೇಲೆ ಆ ಚೀಟಿಯನ್ನು ಚೂರುಚೂರು ಮಾಡಿ ಸಮುದ್ರಕ್ಕೆ ಹಾಕಿದೆ.

ಮೈಸೂರಿಗೆ ಬಂದ ವಾರವೇ ಅತ್ತೆ ಪುರೋಹಿತರನ್ನು ಕರೆಸಿ ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡರು. ನಾನೂ ಪಕ್ಕದಲ್ಲಿ ಕೂತು ಪಂಚಗವ್ಯ ಕುಡಿದೆ. ಸಂಕಲ್ಪದಲ್ಲಿ ತಿಳಿದೂ ತಿಳಿಯದೆಯೂ ಮಾಡಿದ ದೋಷ ಎಂದು ಪುರೋಹಿತರು ಹೇಳಿದಾಗ ಆ ಮಾತನ್ನು ನಾನೂ ಮೆಲ್ಲಗೆ ಹೇಳಿಕೊಂಡೆ.

ಆಮೇಲೆ ಹನ್ನೊಂದು ವರ್ಷ ಅತ್ತೆ ಬದುಕಿದ್ದರು. ನಾನು ಹೇಳಲಿಲ್ಲ. ಹೇಳಲು ಹೊರಟು ಎಷ್ಟೋ ಸಲ ಅವರ ಮುಂದೆ ಸುಮ್ಮನೆ ಕೂತು ಎದ್ದು ಬಂದದ್ದುಂಟು. ಅತ್ತೆಯ ವೈಕುಂಠ ಸಮಾರಾಧನೆ ಮುಗಿದ ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅಮ್ಮ ಪಾತ್ರೆ ಒರೆಸುವುದನ್ನು ನಿಲ್ಲಿಸಿ ಕೇಳಿದಳು.

"ಅವರನ್ನ ಅಲ್ಲೇ ಬಿಟ್ಟು ಬಂದಿದ್ರೆ ನನ್ನೆದುರಿಗೆ ಹೇಗೆ ನಿಲ್ತಿದ್ದೆ?" ಎಂದಳು. ಬಾಗಿಲ ಕಡೆ ನೋಡಿ, "ನಿಮ್ಮಪ್ಪನ ಹತ್ರ ಮಾತ್ರ ಬಾಯಿ ಬಿಡಬೇಡ" ಎಂದು ಮತ್ತೆ ಪಾತ್ರೆ ಎತ್ತಿಕೊಂಡಳು.