ಸೆರಗು ಹೊದ್ದ ನಿಘಂಟು

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ವಾಸನೆ ಹಿಡಿದು ಬಂದ ನಮ್ಮ ಯಜಮಾನರು ತಿಂಡಿ ಏನೆಂದು ಕೇಳಿದರು. ಇದು ಪುಸ್ತಕಕ್ಕೆ ಎಂದೆ. ಈ ಮನೆಯಲ್ಲಿ ಪುಸ್ತಕಕ್ಕೂ ನನಗಿಂತ ಮೊದಲೇ ತಿಂಡಿ ಎಂದು ಗೊಣಗುತ್ತ ಹೋದರು.

ಆ ಪುಸ್ತಕ ನನ್ನ ಕನ್ನಡ–ಮರಾಠಿ ನಿಘಂಟು. ಮೈಸೂರಿನಿಂದ ಮದುವೆಯಾಗಿ ಪುಣೆಗೆ ಬಂದ ವಾರದಲ್ಲೇ ಅತ್ತೆ ನನ್ನನ್ನು ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕಕ್ಕೆ ಕರೆದೊಯ್ದು ಕೊಡಿಸಿದ್ದು. ಮಾರ್ಕೆಟ್ಟಿನಲ್ಲಿ ನಿಂತು ನಾನು ಅದರಲ್ಲಿ ಪಡವಲಕಾಯಿ ಹುಡುಕುವಷ್ಟರಲ್ಲಿ ತರಕಾರಿಯವಳು ಇನ್ನಿಬ್ಬರಿಗೆ ತೂಗಿ ಕಳಿಸುತ್ತಿದ್ದಳು. ನಿಜ ಹೇಳಲೇ? ಧಾರವಾಡದ ಅತ್ತೆಯ ಕನ್ನಡಕ್ಕೂ ಆಗ ನನಗೊಂದು ನಿಘಂಟು ಬೇಕಿತ್ತು. "ಇದೆ" ಎನ್ನಲು ಅವರು "ಅದ" ಎಂದರೆ, ಯಾವುದು ಎಂದು ಕೇಳುತ್ತಿದ್ದೆ.

ಆಗೆಲ್ಲ ಮಧ್ಯಾಹ್ನ ಅತ್ತೆ ಕಸೂತಿ ಕಲಿಸುತ್ತಿದ್ದರು. ಕಸೂತಿಗೆ ಗಂಟು ಹಾಕುವಂತಿಲ್ಲ, ಹಿಂದೂ ಮುಂದೂ ಒಂದೇ ಥರ ಕಾಣಬೇಕು. ನಾನೋ, ಗಂಟಿಲ್ಲದೆ ಒಂದು ಗುಂಡಿಯನ್ನೂ ಹೊಲಿದವಳಲ್ಲ. ಹಿಂದಿನದನ್ನು ಯಾರು ನೋಡುತ್ತಾರೆ ಎಂದು ವಾದಿಸಿದರೆ, "ಬಿಚ್ಚು" ಎನ್ನುತ್ತಿದ್ದರು, ಅಷ್ಟೇ. ನಾನು ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ಈಚೆಗೆ ನಿಘಂಟಿನ ಬೆನ್ನು ಕಿತ್ತು ಹಾಳೆ ಉದುರತೊಡಗಿತು. ನಾನೇ ಮತ್ತೆ ಹೊಲಿದು ರಟ್ಟು ಕಟ್ಟುತ್ತೇನೆಂದು ಹೊರಟೆ. ಹೊದಿಸಲಿಕ್ಕೆಂದು ಅತ್ತೆ ತಮ್ಮ ಇಳಕಲ್ ಸೀರೆಯ ಸೆರಗು ತಂದಿಟ್ಟರು. ಸೀರೆ ಎಂದೋ ಹರಿದಿತ್ತು, ಅವರದೇ ಕಸೂತಿಯ ಸೆರಗೊಂದು ಉಳಿದಿತ್ತು. ಈಗ ಅವರ ಕಣ್ಣಿಗೆ ಸೂಜಿ ಕಾಣುವುದಿಲ್ಲ. ಇದನ್ನು ಕೆಡಿಸಿದರೆ ಇನ್ನೊಂದು ಎಲ್ಲಿಂದ ತರಲಿ? ಹಿಡಿದ ಕತ್ತರಿಯನ್ನು ಮತ್ತೆ ಕೆಳಗಿಟ್ಟೆ.

"ನಾ ಹೋದ ಮ್ಯಾಲೆ ಕತ್ತರಿಸಿದ್ರ ಅಳ್ಕೋತ ಕೂಡ್ತಿ," ಎಂದರು ಅತ್ತೆ. "ಈಗ ಕತ್ತರಿಸು. ಕೆಟ್ರ ಬೈಲಿಕ್ಕೆ ನಾ ಇದ್ದೀನಲಾ."

ಕತ್ತರಿಸಿದೆ. ಅಂಟು ಎಳೆಗಳಿಗೆ ಇಳಿಯದಂತೆ ಹಿಂಬದಿಗೆ ಮೊದಲು ತೆಳುವಾದ ಕಾಗದ ಹಚ್ಚಬೇಕು. ಬಟ್ಟೆ ಬೋರಲು ಹಾಕಿ ಸವರುವಾಗ ಬೆರಳಿಗೆ ಏನೋ ತಡೆಯಿತು. ಗಂಟು! ತಿರುಗಿಸಿ ನೋಡಿದರೆ ಗಿಳಿಗಳ ಸಾಲಿನ ಕೊನೆಯದು, ಕೊಕ್ಕು ಸೊಟ್ಟ. ಸಿಕ್ಕಿಬಿದ್ದರು ಅತ್ತೆ ಎಂಬ ಖುಷಿಯಲ್ಲಿ ಅವರ ಬೆರಳು ಹಿಡಿದು ಗಂಟಿನ ಮೇಲಿಟ್ಟೆ.

"ಅದು ನಿಂದ ಅದವಾ," ಎಂದರು. "ಮೊದಲನೇ ದಿನ ಹಾಕಿದ್ದು. ಬಿಚ್ಚಲಿಕ್ಕೆ ಮನಸಾಗಲಿಲ್ಲ."

ಮೊದಲ ದಿನ ತಮ್ಮ ಸೀರೆಯ ಮೇಲೇ ಕೈ ಹಚ್ಚಲು ಕೊಟ್ಟಿದ್ದರು, ಹೌದು. ಮರುದಿನದಿಂದ ಹಳೇ ಬಟ್ಟೆಯ ಚೂರು. ಅಂದೇ ಬಿಚ್ಚಿರುತ್ತಾರೆ ಎಂದುಕೊಂಡಿದ್ದೆ. ಆ ಸೊಟ್ಟ ಗಿಳಿಯನ್ನು ಹೊದ್ದೇ ಅವರು ಎಷ್ಟು ಮದುವೆ-ಮುಂಜಿಗೆ ಹೋಗಿಬಂದರೋ, ಕಸೂತಿ ಬಲ್ಲ ಗೆಳತಿಯರ ಕಣ್ಣೆದುರಿಗೆ! ಎದುರಿಗೆ "ಬಿಚ್ಚು", ಬೆನ್ನ ಹಿಂದೆ ಇದು. ಇಂಥ ಅತ್ತೆ ಸಿಕ್ಕಿದ್ದಕ್ಕೆ ನಾನು ಯಾರಿಗೆ ಕೈಮುಗಿಯಲಿ, ನೀವೇ ಹೇಳಿ.

ರಟ್ಟಿನ ಮೇಲೆ ಬಟ್ಟೆ ಸಮನಾಗಿ ಕೂರಬೇಕಾದರೆ ಗಂಟು ತೆಗೆಯಬೇಕು. ತೆಗೆದರೆ ಗಿಳಿ ಬಿಚ್ಚಿಹೋಗುತ್ತದೆ. ಗಂಟನ್ನು ಇದ್ದಂತೆಯೇ ಬಿಟ್ಟು, ಅದರ ಮೇಲೇ ಕಾಗದ ಹಚ್ಚಿ ಅಂಟು ಸವರಿದೆ.

ನಿಘಂಟು ಈಗ ಒರಳಿನ ಗುಂಡುಕಲ್ಲಿನ ಕೆಳಗೆ ಒಣಗುತ್ತಿದೆ. ನಡುವೆ ಎತ್ತಬಾರದು, ಗೊತ್ತು. ಆದರೂ ಕಲ್ಲು ಸರಿಸಿ, ಗಿಳಿಯ ಹತ್ತಿರದ ಉಬ್ಬನ್ನು ಮುಟ್ಟಿ ನೋಡಿದೆ. ಸದ್ದು ಕೇಳಿ ಅತ್ತೆ ಒಳಗಿನಿಂದಲೇ ವಿಚಾರಿಸಿದರು, "ಗಂಟು ಅದ ಏನವಾ?"

"ಅದರೀ ಅತ್ತಿ," ಎಂದೆ.