ಡಾಕ್ಟರನ ಕಣ್ಣಲ್ಲಿ ನೀರು ಬಂತೋ ಇಲ್ಲವೋ

ಬೆಳಿಗ್ಗೆ ನಲ್ಲಿ ನೀರು ಹಿಡಿದು ಎರಡು ಡ್ರಮ್ಮು ತುಂಬಿಸಿದ್ದು. ಜೋಳದ ರೊಟ್ಟಿ ಬಡಿದದ್ದು. ವಾರ್ಡಿನ ಸಚಿವಾಲಯದ ಕಚೇರಿಗೆ ಹೋಗಿ ರೇಷನ್ ಕಾರ್ಡಿನಲ್ಲಿ ಮಗಳ ಹೆಸರು ಸರಿ ಮಾಡಿಸಿದ್ದು. ಸರ್ವರ್ ಇಲ್ಲ ಎಂದು ಒಮ್ಮೆ ವಾಪಸು ಬಂದು ಮತ್ತೆ ಹೋದದ್ದು. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದ್ದು. ಹೊಲಿಗೆ ಅಂಗಡಿಯವರು ಕೊಟ್ಟುಹೋದ ಜೀನ್ಸ್ ಪ್ಯಾಂಟುಗಳ ಕಟ್ಟು ಬಿಚ್ಚಿ, ನೇತಾಡುವ ದಾರಗಳನ್ನು ಕತ್ತರಿಸಿದ್ದು. ಅತ್ತೆಯ ತಲೆಗೆ ಎಣ್ಣೆ ಹಚ್ಚಿದ್ದು. ಇಷ್ಟನ್ನೂ ಸಂಜೆ ಆರೂವರೆಯೊಳಗೆ ಮುಗಿಸಲೇಬೇಕಿತ್ತು. ಅಂದು ಶುಕ್ರವಾರ, ಆರೂವರೆಗೆ ಡಾಕ್ಟರನ ಸೀರಿಯಲ್ಲು.

ಆಂಧ್ರದ ಅಂಚಿನ ರಾಯದುರ್ಗದ ನಮ್ಮ ಓಣಿಯಲ್ಲಿ ಆ ವಾರವೆಲ್ಲ ಬೇರೆ ಮಾತೇ ಇರಲಿಲ್ಲ. ನಾಲ್ಕು ವರ್ಷದಿಂದ ಬರುತ್ತಿರುವ ತೆಲುಗು ಸೀರಿಯಲ್ಲು ಅದು. ಅದರಲ್ಲಿನ ಡಾಕ್ಟರ, ಹೃದಯದ ಆಪರೇಷನ್ ಮಾಡುವುದರಲ್ಲಿ ಎತ್ತಿದ ಕೈ. ಬಾಯಿ ಮಾತ್ರ ಬಲು ಕೆಟ್ಟದ್ದು. ರೋಗಿಗೆ ಕೂತುಕೋ ಎನ್ನುವುದಿಲ್ಲ, ಸತ್ತವರ ಮನೆಯವರಿಗೆ ಒಂದು ಸಮಾಧಾನ ಹೇಳುವುದಿಲ್ಲ, ಸ್ವಂತ ತಂಗಿಯ ಮದುವೆಯಲ್ಲಿ ಊಟದ ಎಲೆ ಬಿಟ್ಟು ಎದ್ದು ಹೋದವನು. ಅವನಿಂದ ವರ್ಷಗಟ್ಟಲೆ ಬೈಸಿಕೊಂಡ ಹಿರಿಯ ನರ್ಸಮ್ಮ ಗುರುವಾರ ಎದೆ ಹಿಡಿದುಕೊಂಡು ಬಿದ್ದಿದ್ದಳು. ಅವಳಿಗೆ ಅವನು ಆಪರೇಷನ್ ಮಾಡುತ್ತಾನೋ ಇಲ್ಲವೋ? ಅಲ್ಲಿಗೆ ಕಂತು ನಿಂತಿತ್ತು.

ಎದುರು ಮನೆಯಾಕೆ ಆರೂಕಾಲಿಗೇ ತನ್ನ ಪಾಲಿನ ಪ್ಯಾಂಟುಗಳನ್ನು ಹೊತ್ತು ಬಂದಳು. ಮಡಕಶಿರದಿಂದ ಈ ಊರಿಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾದರೂ ಅವಳ ಮಾತು ಇನ್ನೂ ಆ ಕಡೆಯದೇ. ಅವಳು ಡಾಕ್ಟರನ ಪರ. ಡಿಗ್ರಿ ಓದುವ ನನ್ನ ಮಗಳೂ ಅವನ ಪರ. ನಾನು ದಿನಕ್ಕೊಂದು ಕಡೆ. ಅತ್ತೆಯೊಬ್ಬರೇ ವಿರೋಧ ಪಕ್ಷ. ಶೇಂಗಾ ಸುಲಿಯುವ ಮೊರ ಮುಂದಿಟ್ಟುಕೊಂಡು, ಟಿವಿಯಿಂದ ಒಂದು ಮಾರು ದೂರದಲ್ಲಿ ಅವರ ಜಾಗ.

“ಕೈ ನಡುಗ್ತೈತೆ ಕಣಕ್ಕ ನಂಗೆ. ಕತ್ರಿ ಹಿಡಿಯಕ್ಕೇ ಆಗ್ತಿಲ್ಲ” ಎಂದಳು ಎದುರು ಮನೆಯಾಕೆ.

“ನಿನ್ನ ಗಂಡಗ ಜ್ವರ ಬಂದಾಗ ಇಷ್ಟು ನಡುಗಿದ್ದಿಲ್ಲ ನಿನ ಕೈ” ಎಂದರು ಅತ್ತೆ.

“ನನ್ ಗಂಡ ಏನ್ ಹಾರ್ಟ್ ಡಾಕ್ಟ್ರಾ ಅಜ್ಜಮ್ಮ?”

ಮಗಳು ಫೋನಿನಲ್ಲಿ ಹಿಂದಿನ ದಿನದ ಕಂತಿನ ಕೆಳಗೆ ಜನ ಬರೆದದ್ದನ್ನು ಓದಿ ಹೇಳಿದಳು. “ಒಬ್ರು ಬರದಾರ, ಇವನು ದೇವ್ರು, ಬಾಯಿಗೆ ಮಾತ್ರ ಎರಡು ಹೊಲಿಗಿ ಹಾಕ್ರಿ ಅಂತ. ಇನ್ನೊಬ್ಬಾಕಿ, ಇವನ್ನ ನೋಡಿ ನಮ್ಮೂರ ಡಾಕ್ಟರೂ ಬೈಯೋದು ಕಲ್ತಾರ ಅಂತ.”

“ಯಾರವಾ ಆಕಿ? ಖರೆ ಹೇಳ್ಯಾಳ ನೋಡು” ಎಂದು ಅತ್ತೆ ಮೊರ ಕುಟ್ಟಿದರು.

ಸೀರಿಯಲ್ಲು ಶುರುವಾಯಿತು. ಮೊದಲ ಹತ್ತು ನಿಮಿಷ ಡಾಕ್ಟರ ಎಲ್ಲರ ಮೇಲೆ ಹರಿಹಾಯ್ದ. “ಕೇಳ್ರಿ, ಕೇಳ್ರಿ! ಸಾಯಾಕ ಬಿದ್ದಾಕಿ ಮುಂದನೂ ಹ್ಯಾಂಗ ಒದರತಾನ” ಎಂದು ಅತ್ತೆ ನಡುನಡುವೆ ಸೇರಿಸುತ್ತಿದ್ದರು. ಆಮೇಲೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಮಾತು ನಿಂತಿತು. ಬರೀ ಕೊಳಲು. ಮಲಗಿದ್ದ ನರ್ಸಮ್ಮನ ಜಡೆ ಟೋಪಿಯಿಂದ ಜಾರಿ ಮೇಜಿನ ಅಂಚಿನಿಂದ ಕೆಳಗೆ ತೂಗುತ್ತಿತ್ತು. ಡಾಕ್ಟರ ಅದನ್ನು ನೋಡಿದ. ಯಾರನ್ನೂ ಕರೆಯಲಿಲ್ಲ. ತಾನೇ ಬಗ್ಗಿ ಜಡೆ ಎತ್ತಿ, ಮಡಿಸಿ, ಒಂದು ಕೂದಲೂ ಎಳೆಯದ ಹಾಗೆ ಮೆಲ್ಲಗೆ ಟೋಪಿಯೊಳಗೆ ಸೇರಿಸಿದ. ಆಮೇಲೆ ಮಾಸ್ಕಿನ ಮೇಲಿನ ಅವನ ಎರಡು ಕಣ್ಣುಗಳನ್ನೇ ತೋರಿಸಿದರು. ಎದುರು ಮನೆಯಾಕೆ ಪ್ಯಾಂಟಿನ ಕಾಲಿನಿಂದಲೇ ಮೂಗು ಒರೆಸಿಕೊಂಡಳು.

ಆಗ ಅತ್ತೆ ಕಾಲು ಚಾಚಿ, “ಹಾಂ, ಅಡ್ವಟೈಸ್ ಬಂತು. ಚಾ ಇಡು ನಡಿ” ಎಂದರು.

ಮಗಳು ಕಿಸಕ್ಕೆಂದು ನಕ್ಕಳು. ಎದುರು ಮನೆಯಾಕೆಗೆ ಸಿಟ್ಟೇ ಬಂತು. “ಏನಜ್ಜಮ್ಮ, ಇಂಥಾ ಟೈಮಲ್ಲೂ ಚುಚ್ತೀರಲ್ಲ! ಜಡೆ ಎತ್ತಿ ಒಳಗಿಟ್ಟಿದ್ದು ನೋಡಲಿಲ್ವಾ?”

“ಯಾರ ಜಡಿ?”

“ನರ್ಸಮ್ಮಂದು!”

“ಯಾವಾಗ?”

ಆ ‘ಯಾವಾಗ’ದಲ್ಲಿ ಚೇಷ್ಟೆ ಇರಲಿಲ್ಲ. ನಾನು ತಿರುಗಿ ನೋಡಿದೆ. ಅತ್ತೆಯ ಮುಖ ಟಿವಿಯ ಕಡೆಗೇ ಇತ್ತು, ಬಸ್ಸಿಗೆ ಕಾಯುವವರ ಮುಖದಂತೆ. ಮೂರು ತಿಂಗಳ ಹಿಂದೆ, ಕತ್ತರಿ ಹಿಡಿದರೆ ಬೆರಳು ನೋಯುತ್ತವೆ ಎಂದು ದಾರದ ಕೆಲಸ ಬಿಟ್ಟು ಸುಲಿಯಲು ಶೇಂಗಾ ಕೇಳಿದ್ದರು. ಮೊರ ತಂದುಕೊಟ್ಟವಳು ನಾನೇ. ದಿನಾ ಅವರ ತಲೆಗೆ ಎಣ್ಣೆ ಹಚ್ಚುವವಳೂ ನಾನೇ.

“ಅತ್ತಿ, ಖರೆ ಹೇಳ್ರಿ. ನಿಮಗ ಕಾಣ್ತೈತೇನು?”

ಅತ್ತೆ ಇನ್ನೊಂದು ಶೇಂಗಾ ಒಡೆದರು. “ಬೆಳಕು ಕಾಣ್ತೈತಿ. ಮಂದಿ ಅಡ್ಡಾಡೋದು ಕಾಣ್ತೈತಿ. ಮುಖ ಕಾಣವಲ್ದು” ಎಂದರು.

ಆಮೇಲೆ ಒಂದೊಂದೇ ಹೊರಬಂತು. ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ನಡೆದಾಗ ಓಣಿಯ ಹೆಂಗಸರ ಜೊತೆ ಹೋಗಿ, “ಏನೂ ಇಲ್ಲಂತ, ಡ್ರಾಪ್ಸ್ ಸಾಕಂತ” ಎಂದು ಬಂದಿದ್ದರಲ್ಲ, ಅದು ಸುಳ್ಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ತಡ ಮಾಡದೆ ಬಳ್ಳಾರಿ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸು ಎಂದು ಅಲ್ಲಿ ಹೇಳಿದ್ದರಂತೆ.

“ಮತ್ಯಾಕ ಮುಚ್ಚಿಟ್ರಿ?”

“ಅವತ್ತ ಸಂಜಿಮುಂದ ಟಿವ್ಯಾಗ ಇವನು ಒಬ್ಬ ಮುದುಕಿಗೆ, ನಿನಗ ಹೇಳಿ ಏನುಪಯೋಗ, ಹೊರಗ ನಡಿ ಅಂದ. ಇಂಥವನ ಕೈಯಾಗ ಕಣ್ಣು ಕೊಡಂತೀಯೇನು?”

ಆಗ ನನಗೆ ತಿಳಿಯಿತು. ನಾವು ಮೂವರು ಅವನ ಕೈ ನೋಡುತ್ತಿದ್ದೆವು. ಅತ್ತೆಗೆ ಸಿಕ್ಕಿದ್ದು ಅವನ ಬಾಯಿ ಮಾತ್ರ. ನಿಜವಾಗಿಯೂ ಎರಡು ಬೇರೆ ಬೇರೆ ಸೀರಿಯಲ್ಲುಗಳ ವಿಷಯಕ್ಕೆ ನಾವು ಇಷ್ಟು ತಿಂಗಳು ಜಗಳವಾಡಿದ್ದೆವು!

“ಡಾಕ್ಟರಂದ್ರ ಕೈ ನೋಡಬೇಕಜ್ಜಿ, ಬಾಯಲ್ಲ” ಎಂದಳು ಮಗಳು.

“ಕೈ ನೋಡಾಕ ಕಣ್ಣು ಬೇಕಲ್ಲವಾ, ಮಳ್ಳಿ.”

ಮಗಳು ಸೋಲುವವಳಲ್ಲ. ಕಂತು ಫೋನಿನಲ್ಲಿ ಬರುತ್ತಲೇ ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಅತ್ತೆಗೆ ಏನೋ ಹಸಿರು ಕಂಡಿತು, ಅಷ್ಟೇ. ನಾವು ಬಾಯಲ್ಲಿ ಹೇಳತೊಡಗಿದೆವು. ಈಗ ಬಗ್ಗಿದ, ಈಗ ಜಡೆ ಎತ್ತಿದ, ಈಗ ಮಡಿಸಿದ. ಅತ್ತೆ ಸುಲಿಯುವುದು ಬಿಟ್ಟು ಕೇಳುತ್ತಿದ್ದರು. ತಾವೇ ಮಡಿಸುತ್ತಿರುವಂತೆ ಅವರ ಬೆರಳೂ ಆಡುತ್ತಿತ್ತು. ಎಲ್ಲ ಸರಿಯಾಗಿಯೇ ನಡೆದಿತ್ತು, ಕಣ್ಣುಗಳ ಹತ್ತಿರ ಬರುವತನಕ.

“ಕಣ್ಣಾಗೆ ನೀರು ಕಣಜ್ಜಮ್ಮ, ದಳದಳ ಅಂತ ಸುರೀತೈತೆ!”

“ಇಲ್ಲ ಆಂಟಿ, ಸುರೀಲಿಲ್ಲ. ತಡಕೊಂಡ. ಅದಕ್ಕ ಆ್ಯಕ್ಟಿಂಗ್ ಅನ್ನೋದು.”

“ಏನ್ ತಡ್ಕಂಡ? ಮಾಸ್ಕೆಲ್ಲ ನೆಂದೋಗೈತೆ!”

“ಮಾಸ್ಕ್ ಒಣಗೇ ಐತಿ, ನೋಡ್ರಿ ಬೇಕಾದ್ರ!”

ಮೂರು ಸಲ ಹಿಂದಕ್ಕೆಳೆದು ನೋಡಿದೆವು. ನನ್ನನ್ನು ಕೇಳಿದರು. ದೀಪದ ಬೆಳಕು ಹೊಳೆದಿರಬಹುದು ಎಂದೆ. ಇಬ್ಬರೂ ನನ್ನ ಮೇಲೆ ಬಿದ್ದರು.

“ಬಾಯಿ ಮುಚ್ಚಿರಿ!” ಅತ್ತೆ ಮೊರ ಪಕ್ಕಕ್ಕೆ ತಳ್ಳಿದರು. “ಮೂರು ಮಂದಿಗೆ ಆರು ಕಣ್ಣು. ಒಬ್ಬ ಗಂಡಸು ಅತ್ತಾನೋ ಇಲ್ಲೋ ಹೇಳಾಕ ಆಗವಲ್ದು. ನಿಮ್ಮನ್ನ ನಂಬಿ ಕುಂತ್ರ ಆಯ್ತು ನನ್ನ ಕತಿ. ಬಳ್ಳಾರಿ ಬಸ್ಸು ಬೆಳಿಗ್ಗಿ ಎಷ್ಟಕ್ಕೈತಿ?”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎದುರು ಮನೆಯಾಕೆ ಅತ್ತೆಯ ಎರಡೂ ಕೈ ಹಿಡಿದು ಅಲ್ಲಾಡಿಸಿದಳು. ಮಗಳು, ಡಿ. ಹಿರೇಹಾಳ್ ಮೇಲೆ ಹೋಗುವ ಮೊದಲ ಬಸ್ಸು ಎಷ್ಟಕ್ಕೆಂದು ಅವರಿವರಿಗೆ ಫೋನು ಹಚ್ಚಿದಳು. ನಾನು ಕ್ಯಾಂಪಿನವರು ಕೊಟ್ಟ ಚೀಟಿ ಎಲ್ಲಿ ಎಂದು ಕೇಳಿದೆ. ಅದು ಅತ್ತೆಯ ಎಲೆಅಡಿಕೆ ಚೀಲದಲ್ಲಿ, ಎಂಟು ಮಡಿಕೆಯಾಗಿ ಕುಳಿತಿತ್ತು.

“ಬೈದ್ರ ಮಾತ್ರ ಎದ್ದು ಬರ್ತೀನಿ ನೋಡು” ಎಂದರು ಅತ್ತೆ.

“ಬೈದ್ರ ನಾನೂ ಬೈತೀನ್ರಿ ಅತ್ತಿ. ನೀವು ಸುಮ್ಮನ ಮಲಗಿರ್ರಿ” ಎಂದೆ.

ಊಟಕ್ಕೆ ಬೆಳಗಿನ ರೊಟ್ಟಿ, ಬದನೆಕಾಯಿ ಪಲ್ಯ, ಎಣ್ಣೆ ಹಾಕಿ ಕಲಸಿದ ಚಟ್ನಿಪುಡಿ, ಮಜ್ಜಿಗೆ. ಎದುರು ಮನೆಯಾಕೆಯೂ ನಿಂತೇ ಅರ್ಧ ರೊಟ್ಟಿ ತಿಂದಳು. ಮೊದಲು ಮಲಗಿದವರು ಅತ್ತೆ, ಬೆಳಿಗ್ಗೆ ಬಳ್ಳಾರಿಗೆ ಉಟ್ಟು ಹೋಗುವ ಸೀರೆಯನ್ನು ತಲೆದಿಂಬಿನ ಪಕ್ಕ ಮಡಿಸಿಟ್ಟುಕೊಂಡು.